ಓದುಗರ ಪ್ರಶ್ನೆ: ಚೆರ್ರಿ ಕೌಂಟಿಯ ದನ, ಹುಲ್ಲು ಮತ್ತು ಸರ್ಕಾರದ ದುಡ್ಡು

ಹೋದ ಸಂಚಿಕೆಯಲ್ಲಿ ಅಮೆರಿಕದ ನೆಬ್ರಾಸ್ಕಾ ರಾಜ್ಯದ ದನ ಸಾಕಣೆ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದರ ಮೇಲೆ ಬಂದ ಪ್ರಶ್ನೆಗಳು ಎಷ್ಟಿವೆ ಅಂದ್ರೆ ಈ ಸಲದ ಅಂಕಣ ಪೂರ್ತಿ ಅದಕ್ಕೇ ಕೊಡ್ತಿದ್ದೀನಿ. ಒಬ್ಬರ ಪ್ರಶ್ನೆ ನಿಜವಾಗ್ಲೂ ಅರ್ಜೆಂಟ್ ಇತ್ತು, ಅದನ್ನೇ ಮೊದಲು ತಗೊಂಡಿದ್ದೀನಿ.

ಪ್ರಶ್ನೆ: ನಾನು ಮಂಡ್ಯ ಕಡೆಯವಳು, ಮದುವೆಯಾಗಿ ನೆಬ್ರಾಸ್ಕಾದಲ್ಲಿದ್ದೀನಿ, ಗಂಡ ಇಲ್ಲಿಯವರೇ. ಚೆರ್ರಿ ಕೌಂಟಿಯಲ್ಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ) ಮಾವನವರದ್ದು ದನ ಮೇಯಿಸೋ ದೊಡ್ಡ ಜಮೀನು, ಅಂದ್ರೆ ರ‍್ಯಾಂಚ್ ಇದೆ. ಅವರಿಗೆ ವಯಸ್ಸಾಯ್ತು, ಬರೋ ವರ್ಷದಿಂದ ನೀವೇ ನೋಡ್ಕೊಳ್ಳಿ ಅಂತಿದ್ದಾರೆ. ಅವರು ಸರ್ಕಾರದಿಂದ ಒಂದು ಡಾಲರ್ ಸಹಾಯಾನೂ ತಗೊಂಡವರಲ್ಲ, ನಮಗೆ ಏನೂ ಗೊತ್ತಿಲ್ಲ. ನನಗೆ ಗ್ರೀನ್ ಕಾರ್ಡ್ ಇದೆ, ಸಿಟಿಜನ್ ಆಗಿಲ್ಲ. ಎಲ್ಲಿಂದ ಶುರು ಮಾಡ್ಲಿ? (ಹೆಸರು ಬೇಡ ಅಂದಿದ್ದಾರೆ)

ಉತ್ತರ: ವ್ಯಾಲೆಂಟೈನ್ ಊರಿಂದ ಶುರು ಮಾಡಿ ಅಮ್ಮ. ನಿಮ್ಮ ಕೌಂಟಿಯ ಮುಖ್ಯ ಊರು ಅದು, ಅಮೆರಿಕದ ಕೃಷಿ ಇಲಾಖೆ ಅಂದ್ರೆ ಯುಎಸ್‌ಡಿಎ ಇದೆಯಲ್ಲ, ಅದರ ಸರ್ವಿಸ್ ಸೆಂಟರ್ ಅಲ್ಲಿದೆ. ಹೋಗೋ ಮುಂಚೆ ಫೋನ್ ಮಾಡಿ ಟೈಮ್ ತಗೊಳ್ಳಿ. ನಿಮಗೆ ಬೇಕಾಗಿರೋದು ಎರಡು ಸಂಸ್ಥೆ. ಒಂದು ಫಾರ್ಮ್ ಸರ್ವಿಸ್ ಏಜೆನ್ಸಿ, ಎಲ್ಲರೂ ಎಫ್‌ಎಸ್‌ಎ ಅಂತಾರೆ, ಸಾಲ, ಬರ ಪರಿಹಾರ, ದನ ಸತ್ತರೆ ಪರಿಹಾರ ಇವೆಲ್ಲ ಇವರ ಕಡೆಯಿಂದ. ಇನ್ನೊಂದು ಎನ್‌ಆರ್‌ಸಿಎಸ್, ಮಣ್ಣು ನೀರು ಹುಲ್ಲು ಕಾಪಾಡೋ ಕೆಲಸಕ್ಕೆ ಟೆಕ್ನಿಕಲ್ ಸಲಹೆ ಮತ್ತು ಖರ್ಚಿನಲ್ಲಿ ಪಾಲು ಕೊಡೋರು. ಬೇಲಿ, ನೀರಿನ ಪೈಪು, ತೊಟ್ಟಿ, ಸೋಲಾರ್ ಪಂಪು ಅಂದ್ರೆ ಇವರ ಹತ್ರ ಹೋಗ್ಬೇಕು.

ಮೊದಲನೇ ದಿನ ಯಾವ ಸ್ಕೀಮೂ ಕೇಳ್ಬೇಡಿ, ನಿಮ್ಮ ಜಮೀನು ಅವರ ದಾಖಲೆಯಲ್ಲಿ ಇದೆಯಾ ಕೇಳಿ. ಅಲ್ಲಿ ಪ್ರತಿ ಜಮೀನಿಗೂ ಒಂದು ಫಾರ್ಮ್ ನಂಬರ್, ಅದರೊಳಗೆ ಟ್ರ್ಯಾಕ್ಟ್ ನಂಬರ್ ಅಂತ ಇರುತ್ತೆ, ನಮ್ಮಲ್ಲಿ ಪಹಣಿ ಇಲ್ಲದೆ ಯಾವ ಕೆಲಸಾನೂ ಆಗಲ್ವಲ್ಲ ಹಾಗೇ ಅದು. ಮಾವನವರು ಆಫೀಸಿಗೆ ಹೋದವರೇ ಅಲ್ಲ ಅಂದ್ರೆ ಆ ದಾಖಲೆ ಹಳೇದಾಗಿರಬಹುದು ಅಥವಾ ಇಲ್ಲದೇನೂ ಇರಬಹುದು. ಜಮೀನಿನ ಡೀಡ್, ಲೀಸ್ ಇದ್ರೆ ಅದರ ಕಾಪಿ, ಸೋಶಿಯಲ್ ಸೆಕ್ಯೂರಿಟಿ ನಂಬರ್, ಕಂಪನಿ ಹೆಸರಲ್ಲಿದ್ರೆ ಅದರ ಕಾಗದ ಎಲ್ಲಾ ತಗೊಂಡು ಹೋಗಿ. ಆದಾಯದ ಮಿತಿಗೆ ಒಂದು ಫಾರಂ ಇದೆ, ಜೌಗು ಪ್ರದೇಶ ಒಣಗಿಸಲ್ಲ, ಸವಕಳಿ ಆಗೋ ನೆಲಾನ ನಿಯಮ ಮೀರಿ ಉಳಲ್ಲ ಅಂತ ಒಪ್ಪೋದಕ್ಕೆ ಇನ್ನೊಂದಿದೆ, ಅದಕ್ಕೆ 1026 ಅಂತಾರೆ. ಈ ಫಾರಂಗಳು ಫೈಲಲ್ಲಿ ಇಲ್ಲದೇ ಇದ್ರೆ ಮುಂದೆ ಬರ ಬಂದಾಗಲೂ ದುಡ್ಡು ಬರಲ್ಲ, ಬೇಲಿಗೂ ಬರಲ್ಲ.

ಗ್ರೀನ್ ಕಾರ್ಡ್ ಬಗ್ಗೆ ಚಿಂತೆ ಬೇಡ. ಕಾಯಂ ನಿವಾಸಿಗಳಿಗೆ ಬರ ಪರಿಹಾರ, ದನದ ಪರಿಹಾರ ಎರಡೂ ಸಿಗುತ್ತೆ, ಸಿಟಿಜನ್ ಆಗ್ಲೇಬೇಕು ಅಂತಿಲ್ಲ. ಸಾಲದ ವಿಷಯದಲ್ಲಿ ನಿಮ್ಮ ಇಮಿಗ್ರೇಷನ್ ಕಾಗದ ನೋಡ್ತಾರೆ, ಅದನ್ನ ಜೊತೆಗಿಟ್ಕೊಳ್ಳಿ.

ಇನ್ನೊಂದು ಮಾತು, ಇದನ್ನ ದಯವಿಟ್ಟು ಮನಸ್ಸಿಟ್ಟು ಓದಿ. ರ‍್ಯಾಂಚ್ ನಡೆಸೋಕೆ ಶುರು ಮಾಡಿ 10 ವರ್ಷ ಆಗಿಲ್ಲ ಅಂದ್ರೆ ನಿಮ್ಮನ್ನ ಹೊಸ ರೈತರು ಅಂತ ಲೆಕ್ಕ ಹಾಕ್ತಾರೆ, ಅದಕ್ಕೆ ಅನುಕೂಲ ಬಹಳ. ಎನ್‌ಆರ್‌ಸಿಎಸ್ ಸಾಮಾನ್ಯವಾಗಿ ಕೆಲಸದ ಅಂದಾಜು ಖರ್ಚಿನಲ್ಲಿ 75% ತನಕ ಕೊಡುತ್ತೆ, ಹೊಸಬರಿಗೆ 90% ತನಕ ಹೋಗುತ್ತೆ, ಅದರಲ್ಲೂ ಅರ್ಧದಷ್ಟನ್ನ ಮುಂಗಡವಾಗಿ ಕೇಳೋ ಹಕ್ಕೂ ಇದೆ. ಆದ್ರೆ ನೀವು ಮನೆಯವರೆಲ್ಲ ಸೇರಿ ಒಂದು ಕಂಪನಿ ಮಾಡ್ಕೊಂಡು ಅದರಲ್ಲಿ ಮಾವನವರೂ ಪಾಲುದಾರರು ಅಂತ ಇಟ್ಟು ಕಂಪನಿ ಹೆಸರಲ್ಲಿ ಅರ್ಜಿ ಹಾಕಿದ್ರೆ ಪಾಲುದಾರರೆಲ್ಲರೂ ಹೊಸಬರಾಗಿರಬೇಕು ಅಂತ ನಿಯಮ, ಮಾವ ನಲವತ್ತು ವರ್ಷದಿಂದ ದನ ಸಾಕ್ತಿರೋರು, ಅಲ್ಲಿಗೆ ಆ ಅನುಕೂಲ ಹೋಯ್ತು. ಅದಕ್ಕೇ ವಕೀಲರ ಹತ್ರ ಕಂಪನಿ ಕಾಗದ ಮಾಡಿಸೋ ಮುಂಚೆ ವ್ಯಾಲೆಂಟೈನ್ ಆಫೀಸಿಗೆ ಹೋಗಿ ಅಂತ ಹೇಳ್ತಿರೋದು. ಮಾವನಿಂದ ಲೀಸ್‌ಗೆ ತಗೊಳ್ಳೋದಾದ್ರೆ ಅದನ್ನೂ ಬರವಣಿಗೆಯಲ್ಲಿ ಮಾಡಿ. ಮಾವ ಸೊಸೆ ಮಧ್ಯೆ ಎಂಥ ಕಾಗದ ಅಂತ ಸಂಕೋಚ ಪಡಬೇಡಿ, ಎನ್‌ಆರ್‌ಸಿಎಸ್ ಜೊತೆ ಮಾಡ್ಕೊಳ್ಳೋ ಕಾಂಟ್ರಾಕ್ಟ್ ಮುಗಿಯೋವರೆಗೂ ಜಮೀನು ನಿಮ್ಮ ಕೈಯಲ್ಲಿರುತ್ತೆ ಅಂತ ಆಫೀಸಿಗೆ ತೋರಿಸಲೇಬೇಕು.

ಸಾಲ ಬೇಕು ಅಂದ್ರೆ ಎಫ್‌ಎಸ್‌ಎದಲ್ಲಿ ಸಣ್ಣ ಸಾಲ 50,000 ಡಾಲರ್ ತನಕ, ಕಾಗದ ಪತ್ರ ಕಮ್ಮಿ. ದನ, ಮೇವು, ಮೆಷಿನ್‌ಗೆ ನೇರ ಸಾಲ 4 ಲಕ್ಷ ಡಾಲರ್, ಜಮೀನು ಕೊಳ್ಳೋಕೆ 6 ಲಕ್ಷ ಡಾಲರ್ ತನಕ. ಸ್ಯಾಂಡ್‌ಹಿಲ್ಸ್‌ನಲ್ಲಿ (ನಿಮ್ಮ ಕಡೆಯ ಮರಳು ದಿಬ್ಬದ ಸೀಮೆ) ಒಂದು ಹಸು ಕರುವಿಗೆ ಹತ್ತು ಹದಿನೈದು ಎಕರೆ, ಕೆಲವು ಕಡೆ ಇನ್ನೂ ಹೆಚ್ಚು ಹುಲ್ಲು ಬೇಕು, ಹಾಗಾಗಿ 6 ಲಕ್ಷಕ್ಕೆ ಒಂದು ಕುಟುಂಬ ಬದುಕೋ ಅಷ್ಟು ರ‍್ಯಾಂಚ್ ಬರಲ್ಲ, ಅಕ್ಕಪಕ್ಕದ ತುಂಡು ಸೇರಿಸ್ಕೊಳ್ಳೋಕೆ ಆಗಬಹುದು ಅಷ್ಟೇ.

ಪ್ರಶ್ನೆ: ಸಾವಿರಾರು ಎಕರೆ ಇರೋನಿಗೆ ಸರ್ಕಾರ ಯಾಕೆ ದುಡ್ಡು ಕೊಡಬೇಕು ಸಾರ್? ನಮ್ಮಲ್ಲಿ ಎರಡು ಎಕರೆ ಇರೋನಿಗೆ ಬೆಳೆ ಪರಿಹಾರ ಬರೋಷ್ಟರಲ್ಲಿ ಸಾಕಾಗಿ ಹೋಗಿರುತ್ತೆ. (ತಿಪಟೂರಿನಿಂದ ಒಬ್ಬ ರೈತರು)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದ್ರೆ ಅಲ್ಲಿಯ ನೆಲ ಎಂಥದ್ದು ಅಂತ ಗೊತ್ತಾದ್ರೆ ಅರ್ಧ ಉತ್ತರ ಸಿಗುತ್ತೆ. ಚೆರ್ರಿ ಕೌಂಟಿ ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು, ಸುಮಾರು 15,500 ಚದರ ಕಿಲೋಮೀಟರ್, ಜನ ಮಾತ್ರ ಐದೂವರೆ ಸಾವಿರದ ಆಸುಪಾಸು. ಮಾಂಸದ ತಳಿಯ ಹಸುಗಳ ಲೆಕ್ಕದಲ್ಲಿ ಇಡೀ ಅಮೆರಿಕದಲ್ಲೇ ಮುಂದಿರೋ ಕೌಂಟಿ. ಅದರ ಬಹುಪಾಲು ಸ್ಯಾಂಡ್‌ಹಿಲ್ಸ್, ಅಂದ್ರೆ ಮರಳು ದಿಬ್ಬಗಳು. ನೋಡೋಕೆ ಹಸಿರು ಗುಡ್ಡ, ಒಳಗೆಲ್ಲ ಮರಳು, ಮೇಲೆ ಹುಲ್ಲಿನ ಬೇರು ಹಿಡಿದಿಟ್ಕೊಂಡಿದೆ. ಒಂದು ಕಡೆ ಹುಲ್ಲು ಹರಿದ್ರೆ ಗಾಳಿಗೆ ಮರಳು ಎದ್ದು ಗುಂಡಿ ಬೀಳುತ್ತೆ, ಬ್ಲೋಔಟ್ ಅಂತಾರೆ, ವರ್ಷ ವರ್ಷ ಅದು ಅಗಲ ಆಗ್ತಾ ಹೋಗುತ್ತೆ. ಆ ಮರಳಿನ ಮೂಲಕ ಇಳಿಯೋ ಮಳೆ ನೀರೇ ಕೆಳಗಿರೋ ಓಗಲ್ಲಾಲ ಅಂತರ್ಜಲಕ್ಕೆ ಸೇರೋದು, ಆ ಅಂತರ್ಜಲ ಎಂಟು ರಾಜ್ಯದ ಕೆಳಗೆ ಹರಡಿದೆ. ಅಲ್ಲಿ ಹುಲ್ಲು ಉಳಿದ್ರೆ ಲಾಭ ದನದ ಯಜಮಾನನಿಗೆ ಮಾತ್ರ ಅಲ್ಲ.

ಈ ಪಾಠ ಅವರು ಕಲಿತದ್ದು ಕಷ್ಟಪಟ್ಟೇ. 1904ರಲ್ಲಿ ಕಿಂಕೇಡ್ ಕಾಯ್ದೆ ಅಂತ ತಂದು ಪಶ್ಚಿಮ ನೆಬ್ರಾಸ್ಕಾದಲ್ಲಿ ಬಂದವರಿಗೆಲ್ಲ 640 ಎಕರೆ ಕೊಟ್ರು, ಜನ ಬಂದು ಹುಲ್ಲು ಉತ್ತು ಬೆಳೆ ಇಟ್ರು, ಮರಳಲ್ಲಿ ಬೆಳೆ ನಿಲ್ಲಲಿಲ್ಲ, ಬಹಳ ಜನ ಮಾರಿಕೊಂಡು ಹೋದ್ರು. ಆಮೇಲೆ 1930ರ ದಶಕದಲ್ಲಿ ದೇಶದ ನಡುವಿನ ಬಯಲು ಸೀಮೆಯಲ್ಲಿ ಉತ್ತ ನೆಲ ಬರಕ್ಕೆ ಸಿಕ್ಕಿ ಧೂಳಾಗಿ ಎದ್ದಿತು. 1934ರ ಮೇ ತಿಂಗಳ ಒಂದು ಬಿರುಗಾಳಿಯಲ್ಲಿ ಆ ಧೂಳು ನ್ಯೂಯಾರ್ಕ್, ವಾಷಿಂಗ್ಟನ್ ದಾಟಿ ಸಮುದ್ರದಲ್ಲಿದ್ದ ಹಡಗಿನ ಮೇಲೂ ಬಿತ್ತು. ಹ್ಯೂ ಹ್ಯಾಮಂಡ್ ಬೆನೆಟ್ ಅನ್ನೋ ಮಣ್ಣಿನ ವಿಜ್ಞಾನಿ ಎಷ್ಟೋ ವರ್ಷದಿಂದ ಇದನ್ನೇ ಹೇಳ್ತಾ ಬಂದಿದ್ರು. 1935ರ ಏಪ್ರಿಲ್ 27ಕ್ಕೆ ಮಣ್ಣು ಸಂರಕ್ಷಣೆ ಕಾಯ್ದೆ ಆಯ್ತು, ಅದರಡಿ ಒಂದು ಸಂಸ್ಥೆ ಬಂತು, ಬೆನೆಟ್ ಅವರೇ ಅದರ ಮೊದಲ ಮುಖ್ಯಸ್ಥರು. 1994ರಲ್ಲಿ ಅದಕ್ಕೆ ಎನ್‌ಆರ್‌ಸಿಎಸ್ ಅಂತ ಹೆಸರು ಬದಲಾಯ್ತು. ಮಣ್ಣು ಹೋಗೋದು ಒಬ್ಬನ ಜಮೀನಿಂದ ಆದ್ರೂ ನಷ್ಟ ದೇಶದ್ದು ಅನ್ನೋ ಒಂದೇ ಕಾರಣದ ಮೇಲೆ ತೊಂಬತ್ತು ವರ್ಷದಿಂದ ಅದು ನಿಂತಿದೆ.

ದೊಡ್ಡವರಿಗೇ ಹೆಚ್ಚು ಹೋಗುತ್ತೆ ಅನ್ನೋ ದೂರು ಅಲ್ಲೂ ಇದೆ, ಅದಕ್ಕೇ ಮಿತಿ ಇಟ್ಟಿದ್ದಾರೆ, ಬರ ಪರಿಹಾರ ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ದಾಟೋ ಹಾಗಿಲ್ಲ. ಇದು ಹೆಚ್ಚಾಯ್ತು ಅಂತ ನಿಮಗನ್ನಿಸಿದ್ರೆ ನಾನು ವಾದ ಮಾಡಲ್ಲ. ಆದ್ರೆ ಮುಸುಕಿನ ಜೋಳ, ಸೋಯಾ ಬೆಳೆಯೋರಿಗೆ ಬೆಲೆ ಬಿದ್ದಾಗ ಕೊಡೋ ಸಹಾಯ ರ‍್ಯಾಂಚರ್‌ಗಳಿಗೆ ಇಲ್ಲ, ಅವರಿಗೆ ಇರೋದು ಬರ, ಬಿರುಗಾಳಿ, ಹುಲ್ಲಿನ ಕೆಲಸ ಇಷ್ಟಕ್ಕೇ. ನನ್ನ ಮಟ್ಟಿಗೆ ಹುಲ್ಲನ್ನ ಉಳದೆ ಹುಲ್ಲಾಗೇ ಇಡೋರಿಗೆ ಕೊಡೋ ದುಡ್ಡು, ಕೃಷಿಗೆ ಕೊಡೋ ಎಲ್ಲಾ ದುಡ್ಡಿಗಿಂತ ಚೆನ್ನಾಗಿ ಖರ್ಚಾಗೋ ದುಡ್ಡು.

ಪ್ರಶ್ನೆ: ಬರ ಅಂತ ಅಲ್ಲಿ ಯಾರು ಘೋಷಣೆ ಮಾಡ್ತಾರೆ? ಮಂತ್ರಿಗಳು ಬಂದು ನೋಡ್ತಾರಾ? (ವಿಜಯಪುರದಿಂದ)

ಉತ್ತರ: ದನದ ಮೇವಿನ ಪರಿಹಾರಕ್ಕೆ ಮಂತ್ರಿ ಬರಬೇಕಿಲ್ಲ, ಮ್ಯಾಪ್ ಹೇಳುತ್ತೆ, ನನಗೆ ಇಡೀ ವ್ಯವಸ್ಥೆಯಲ್ಲಿ ಬಹಳ ಇಷ್ಟವಾದ ಭಾಗ ಇದೇ. ಡ್ರೌಟ್ ಮಾನಿಟರ್ ಅಂತ ಒಂದು ನಕ್ಷೆ 1999ರಿಂದ ಪ್ರತಿ ಗುರುವಾರ ಹೊರಗೆ ಬರುತ್ತೆ, ಲಿಂಕನ್ ಊರಿನ ನೆಬ್ರಾಸ್ಕಾ ಯೂನಿವರ್ಸಿಟಿಯಲ್ಲಿರೋ ಬರ ಅಧ್ಯಯನ ಕೇಂದ್ರ, ಕೃಷಿ ಇಲಾಖೆ, ಹವಾಮಾನದ ಸಂಸ್ಥೆ ಇವರೆಲ್ಲ ಸೇರಿ ಮಾಡ್ತಾರೆ. ಡಿ0 ಅಂದ್ರೆ ಸ್ವಲ್ಪ ಒಣ, ಅಲ್ಲಿಂದ ಡಿ4 ಅಂದ್ರೆ ಅತಿ ಭೀಕರ ಬರ. ಎಲ್‌ಎಫ್‌ಪಿ ಅನ್ನೋ ಮೇವಿನ ಪರಿಹಾರ ಈ ನಕ್ಷೆಗೇ ಕಟ್ಟಿಕೊಂಡಿದೆ. ಮೇಯೋ ಕಾಲದಲ್ಲಿ ನಿಮ್ಮ ಕೌಂಟಿಯ ಯಾವುದೇ ಭಾಗ ಡಿ3ಕ್ಕೆ ಹೋದ್ರೆ ಮೂರು ತಿಂಗಳ ಲೆಕ್ಕದ ಪರಿಹಾರ, ಡಿ4ಕ್ಕೆ ಹೋದ್ರೆ ನಾಲ್ಕು, ಡಿ4 ನಾಲ್ಕು ವಾರ ನಿಂತ್ರೆ ಐದು. ಡಿ2 ಮಟ್ಟದಲ್ಲಿ ಪರಿಹಾರ ಸಿಗಬೇಕು ಅಂದ್ರೆ ಹಿಂದೆ ಅದು ಸತತ 8 ವಾರ ಇರಬೇಕಿತ್ತು, 2025ರ ಕಾನೂನು ಅದನ್ನ 4 ವಾರಕ್ಕೆ ಇಳಿಸ್ತು. ಕೊಡೋದು ತಿಂಗಳ ಮೇವಿನ ಖರ್ಚಿನ 60%.

ಯಾವುದೇ ಭಾಗ ಅಂದೆ ನೋಡಿ, ಚೆರ್ರಿಯಂಥ ದೊಡ್ಡ ಕೌಂಟಿಗೆ ಇದು ಬಹಳ ಮುಖ್ಯ. ಒಂದು ಮೂಲೆಯಲ್ಲಿ ಡಿ3 ಬಣ್ಣ ಬಂದ್ರೂ ನೂರು ಮೈಲಿ ಆಚೆ ಇರೋರೂ ಅರ್ಜಿ ಹಾಕಬಹುದು. ಹಾಗೇ ಉಲ್ಟಾನೂ ಆಗುತ್ತೆ, ನಿಮ್ಮ ಹೊಲದಲ್ಲಿ ಹುಲ್ಲು ಸುಟ್ಟು ಹೋಗಿದ್ರೂ ನಕ್ಷೆಯಲ್ಲಿ ಬಣ್ಣ ಬರದೇ ಇದ್ರೆ ಏನೂ ಇಲ್ಲ. ಅದಕ್ಕೆ ಒಂದು ದಾರಿ ಇದೆ. ನಿಮ್ಮ ಹುಲ್ಲು, ಕೆರೆ, ತೊಟ್ಟಿಯ ಫೋಟೋ ತೆಗೆದು ಬರ ಕೇಂದ್ರಕ್ಕೆ ವರದಿ ಕಳಿಸಬಹುದು, ನಕ್ಷೆ ಬರೆಯೋರು ಅದನ್ನ ನೋಡ್ತಾರೆ. ಮಳೆ ಚೆನ್ನಾಗಿದ್ದಾಗಲೂ ಅದೇ ಜಾಗದಲ್ಲಿ ನಿಂತು ಫೋಟೋ ತೆಗೆದಿಟ್ರೆ ಬರದ ವರ್ಷದ ಫೋಟೋಗೆ ಬೆಲೆ ಬರುತ್ತೆ.

ಇದರ ಜೊತೆಗೆ ಮಳೆಯ ವಿಮೆ ಇದೆ, ಪಿಆರ್‌ಎಫ್ ಅಂತಾರೆ, ಅದನ್ನ ಮಾರೋದು ಖಾಸಗಿ ಏಜೆಂಟರು, ಪ್ರೀಮಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರ ಕಟ್ಟುತ್ತೆ. ಇದು ಕೌಂಟಿ ಲೆಕ್ಕ ಅಲ್ಲ, ಚೌಕ ಚೌಕ ಭಾಗ ಮಾಡಿ ಎರಡೆರಡು ತಿಂಗಳ ಮಳೆ ಲೆಕ್ಕ ನೋಡ್ತಾರೆ, ನಿಮ್ಮ ಮನೆ ಹತ್ರದ ಮಳೆಮಾಪಕ ಏನು ಹೇಳುತ್ತೆ ಅನ್ನೋದು ಲೆಕ್ಕಕ್ಕಿಲ್ಲ. ಯಾವ ತಿಂಗಳ ಮಳೆ ನಿಮ್ಮ ಹುಲ್ಲಿಗೆ ಮುಖ್ಯ ಅಂತ ನಿಮಗೇ ಗೊತ್ತಿರಬೇಕು. ಸ್ಯಾಂಡ್‌ಹಿಲ್ಸ್‌ಗೆ ಮೇ, ಜೂನ್ ತಿಂಗಳ ಮಳೆಯೇ ಜೀವ, ಏಜೆಂಟ್ ಬೇರೆ ತಿಂಗಳು ತೋರಿಸಿದ್ರೆ ಯಾಕೆ ಅಂತ ಕೇಳಿ. ವಿಮೆ ಮಾಡಿಸೋಕೆ ಕೊನೆ ದಿನ ಡಿಸೆಂಬರ್ 1.

ಪ್ರಶ್ನೆ: ಹಿಮಗಾಳಿಯಲ್ಲಿ ನೂರಾರು ದನ ಸಾಯ್ತವಂತೆ, ನಿಜಾನಾ? ಅದಕ್ಕೆ ಏನಾದ್ರೂ ಕೊಡ್ತಾರಾ? (ಒಮಾಹಾದಿಂದ ಒಬ್ಬ ಐಟಿ ಉದ್ಯೋಗಿ)

ಉತ್ತರ: ನಿಜ. 2013ರ ಅಕ್ಟೋಬರ್ ಮೊದಲ ವಾರ ನೆಬ್ರಾಸ್ಕಾಕ್ಕೆ ಹೊಂದಿಕೊಂಡಿರೋ ಸೌತ್ ಡಕೋಟಾದಲ್ಲಿ ಅಟ್ಲಾಸ್ ಅನ್ನೋ ಹಿಮಗಾಳಿ ಬಂತು. ಅಕ್ಟೋಬರ್ ಅಂದ್ರೆ ದನಗಳು ಇನ್ನೂ ಬೇಸಿಗೆಯ ಬಯಲಲ್ಲೇ ಇದ್ವು, ಚಳಿಗಾಲದ ದಪ್ಪ ಕೂದಲು ಬೆಳೆದಿರಲಿಲ್ಲ, ಮೊದಲು ಮಳೆ ಬಂದು ಮೈ ಪೂರ್ತಿ ನೆನೆದು ಹೋಯ್ತು, ಅದರ ಮೇಲೆ ಹಿಮ, ಅದರ ಮೇಲೆ ಗಾಳಿ. ಹತ್ತಾರು ಸಾವಿರ ದನ ಸತ್ತವು. ಗಾಳಿಗೆ ಬೆನ್ನು ಕೊಟ್ಟು ನಡೀತಾ ನಡೀತಾ ಬೇಲಿ ದಾಟಿ ಹಳ್ಳಗಳಲ್ಲಿ ಬಿದ್ದವು ಎಷ್ಟೋ.

ಆ ವಾರದ ಇನ್ನೊಂದು ಕಥೆ ಕೇಳಿ. ದನ ಸತ್ತರೆ ಪರಿಹಾರ ಕೊಡೋ ಎಲ್‌ಐಪಿ ಅನ್ನೋ ಸ್ಕೀಮ್ 2011ರಲ್ಲೇ ಮುಗಿದು ಹೋಗಿತ್ತು, ಸಂಸತ್ತು ಹೊಸ ಕೃಷಿ ಕಾಯ್ದೆ ಪಾಸು ಮಾಡಿರಲಿಲ್ಲ. ಮೇಲಾಗಿ ಅದೇ ಟೈಮಿಗೆ ಬಜೆಟ್ ಜಗಳದಲ್ಲಿ ಸರ್ಕಾರವೇ ಬಂದ್ ಆಗಿತ್ತು, ಎಫ್‌ಎಸ್‌ಎ ಆಫೀಸಿಗೆ ಬೀಗ. ಸತ್ತ ದನದ ಲೆಕ್ಕ ಬರೆಸೋಕೂ ಅಲ್ಲಿ ಯಾರೂ ಇಲ್ಲ. ಇಂಥ ಹೊತ್ತಲ್ಲಿ ರೈತರಿಗೆ ಸಿಕ್ಕ ಬುದ್ಧಿವಾದ ಒಂದೇ, ಹೂಳೋ ಮುಂಚೆ ಫೋಟೋ ತೆಗೀರಿ, ಕಿವಿ ಓಲೆ ನಂಬರ್ ಬರ್ಕೊಳ್ಳಿ, ಡಾಕ್ಟರ್ ಹತ್ರ ಅಥವಾ ಮನೆಯವರಲ್ಲದ ಇನ್ನೊಬ್ಬರ ಹತ್ರ ಬರೆಸಿ ಇಟ್ಕೊಳ್ಳಿ. 2014ರ ಫೆಬ್ರವರಿ 7ಕ್ಕೆ ಹೊಸ ಕಾಯ್ದೆಗೆ ಸಹಿ ಬಿತ್ತು, ಸ್ಕೀಮ್ ಕಾಯಂ ಆಯ್ತು, ಅದೂ 2011ರ ಅಕ್ಟೋಬರ್‌ನಿಂದಲೇ ಜಾರಿ ಅಂತ ಹಿಂದಕ್ಕೆ ಅನ್ವಯ ಮಾಡಿದ್ರು. ಲೆಕ್ಕ ಇಟ್ಟವರಿಗೆ ದುಡ್ಡು ಬಂತು.

ಈಗಿನ ನಿಯಮದಲ್ಲಿ ಹವಾಮಾನದಿಂದ ಸತ್ತ ದನಕ್ಕೆ ಮಾರ್ಕೆಟ್ ಬೆಲೆಯ 75%. ತೋಳದಂಥ ಸರ್ಕಾರ ರಕ್ಷಿಸಿರೋ ಪ್ರಾಣಿ ಕೊಂದ್ರೆ 2025ರ ಕಾನೂನಿನ ಪ್ರಕಾರ 100%. ಪ್ರತಿ ವರ್ಷ ಹೇಗೂ ಒಂದಿಷ್ಟು ಸಾಯ್ತವೆ ಅಂತ ಒಂದು ಸಾಮಾನ್ಯ ಪ್ರಮಾಣ ಇಟ್ಟಿರ್ತಾರೆ, ಅದನ್ನ ಬಿಟ್ಟು ಮೇಲಿನದಕ್ಕೆ ಲೆಕ್ಕ. ಕರು ಹಾಕೋ ಕಾಲದಲ್ಲಿ ಜೇಬಿನಲ್ಲಿ ಇಟ್ಕೊಳ್ಳೋ ಸಣ್ಣ ಪುಸ್ತಕ ಇರುತ್ತಲ್ಲ, ಯಾವ ಹಸು ಯಾವ ದಿನ ಏನು ಕರು ಅಂತ ಬರೆಯೋದು, ಅದೇ ನಿಮ್ಮ ದೊಡ್ಡ ಸಾಕ್ಷಿ. ಹಿಂಡಲ್ಲಿ ಎಷ್ಟಿದ್ವು ಅಂತಾನೇ ತೋರಿಸೋಕಾಗದೇ ಇದ್ರೆ ಎಷ್ಟು ಸತ್ತವು ಅಂತ ಹೇಗೆ ತೋರಿಸ್ತೀರಿ?

ಪ್ರಶ್ನೆ: ಮೊದಲ ಪ್ರಶ್ನೆ ಕೇಳಿದವಳೇ ಮತ್ತೆ ಕೇಳ್ತಿದ್ದೀನಿ. ನಮ್ಮ ಹಳೇ ಗಾಳಿಯಂತ್ರ ಕೆಟ್ಟಿದೆ, ಒಂದು ಕಡೆಗೆ ನೀರೇ ಇಲ್ಲ, ದನ ಎಲ್ಲಾ ಒಂದೇ ತೊಟ್ಟಿ ಹತ್ರ ಗುಂಪಾಗಿ ಅಲ್ಲಿ ನೆಲ ಬರಿ ಮರಳಾಗಿದೆ. ಗಂಡ ಈ ವಾರವೇ ಪೈಪ್ ಹಾಕಿಸಿ ಆಮೇಲೆ ಬಿಲ್ ಕೊಟ್ಟು ದುಡ್ಡು ತಗೊಳ್ಳೋಣ ಅಂತಿದ್ದಾರೆ.

ಉತ್ತರ: ದಯವಿಟ್ಟು ಅವರನ್ನ ನಿಲ್ಲಿಸಿ! ಕಾಂಟ್ರಾಕ್ಟ್‌ಗೆ ಸಹಿ ಬೀಳೋ ಮುಂಚೆ ಶುರು ಮಾಡಿದ ಕೆಲಸಕ್ಕೆ ಎನ್‌ಆರ್‌ಸಿಎಸ್ ಒಂದು ಸೆಂಟೂ ಕೊಡಲ್ಲ. ತೀರಾ ಅರ್ಜೆಂಟ್ ಇದ್ರೆ ಮುಂಚೆ ಶುರು ಮಾಡೋಕೆ ಅನುಮತಿ ಕೊಡಿ ಅಂತ ಕೇಳಬಹುದು, ಆದ್ರೆ ಅದೂ ಬರವಣಿಗೆಯಲ್ಲಿ ಕೈಗೆ ಬಂದಿರಬೇಕು, ಫೋನಲ್ಲಿ ಹೂಂ ಅಂದ್ರು ಅನ್ನೋದು ನಡೆಯಲ್ಲ, ಅನುಮತಿ ಸಿಕ್ಕಿದ್ರೂ ಕಾಂಟ್ರಾಕ್ಟ್ ಸಿಕ್ಕೇ ಸಿಗುತ್ತೆ ಅಂತಲ್ಲ. ಒಳ್ಳೇ ಮನಸ್ಸಿಂದ ದುಡುಕಿ ಈ ದುಡ್ಡು ಕಳ್ಕೊಳ್ಳೋರು ಬಹಳ ಜನ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ನಿಮಗೆ ಬೇಕಾದ ಸ್ಕೀಮ್ ಹೆಸರು ಇಕ್ವಿಪ್, 1996ರ ಕೃಷಿ ಕಾಯ್ದೆಯಲ್ಲಿ ಬಂದದ್ದು, ಕಾನೂನಿನ ಪ್ರಕಾರವೇ ಅದರ ಅರ್ಧ ದುಡ್ಡು ದನ ಕುರಿ ಸಾಕಣೆ ಕಡೆಗೆ ಹೋಗ್ಬೇಕು. ಅರ್ಜಿ ವರ್ಷದಲ್ಲಿ ಯಾವಾಗ ಬೇಕಾದ್ರೂ ಹಾಕಬಹುದು, ಆದ್ರೆ ಇಂಥ ದಿನದೊಳಗೆ ಬಂದದ್ದನ್ನ ಈ ಸಲ ನೋಡ್ತೀವಿ ಅಂತ ತಾರೀಕು ಇರುತ್ತೆ, ಕೇಳಿ ತಿಳ್ಕೊಳ್ಳಿ. ಆಫೀಸಿನವರು ಜಮೀನಿಗೆ ಬಂದು ನಿಮ್ಮ ಜೊತೆ ಓಡಾಡ್ತಾರೆ, ಹುಲ್ಲು ಯಾವ ಜಾತಿ, ಎಷ್ಟು ಮೇಯ್ದಿದೆ, ನೀರು ಎಷ್ಟು ದೂರ ಎಲ್ಲಾ ನೋಡಿ ಪ್ಲಾನ್ ಬರೀತಾರೆ, ಇದಕ್ಕೆ ಫೀಸಿಲ್ಲ, ಸ್ಕೀಮ್ ಸಿಗದೇ ಇದ್ರೂ ಆ ಪ್ಲಾನ್ ನಿಮ್ಮ ಕೈಯಲ್ಲಿರುತ್ತೆ. ಆಮೇಲೆ ಎಲ್ಲಾ ಅರ್ಜಿಗೂ ಅಂಕ ಹಾಕಿ ಮೇಲಿಂದ ಆರಿಸ್ತಾರೆ. ಬರಿ ಪೈಪು ಕೇಳಿದ್ರೆ ಅಂಕ ಕಮ್ಮಿ, ಪೈಪು, ಎರಡು ಮೂರು ತೊಟ್ಟಿ, ನಡುವೆ ಬೇಲಿ, ದನಾನ ಒಂದು ಭಾಗದಿಂದ ಇನ್ನೊಂದಕ್ಕೆ ಸರದಿ ಮೇಲೆ ಬಿಡೋ ಮೇವಿನ ಪ್ಲಾನ್ ಹೀಗೆ ಒಟ್ಟಿಗೆ ಕೇಳಿದ್ರೆ ಅರ್ಜಿಗೆ ತೂಕ ಬರುತ್ತೆ. ನಿಮ್ಮ ಜಮೀನಿಗೂ ಬೇಕಾಗಿರೋದು ಅದೇ. ನೀರು ಒಂದೇ ಕಡೆ ಇರೋದ್ರಿಂದಲೇ ದನ ಅಲ್ಲೇ ತುಳಿದು ಮರಳು ಮೇಲೆದ್ದಿರೋದು, ಹಂಚಿ ಹೋದ್ರೆ ಆ ಜಾಗ ತಾನೇ ಚೇತರಿಸ್ಕೊಳ್ಳುತ್ತೆ, ನಿಮ್ಮಂಥ ಮರಳಲ್ಲಿ ಅದಕ್ಕೆ ಕೆಲವು ವರ್ಷ ತಾಳ್ಮೆ ಬೇಕು.

ತೊಟ್ಟಿ ಒಳಗೆ ಹಕ್ಕಿ, ಅಳಿಲು ಬಿದ್ರೆ ಹತ್ತಿ ಬರೋಕೆ ಒಂದು ಇಳಿಜಾರು ಇಡಬೇಕು ಅಂತ ಅವರ ಮಾನದಂಡದಲ್ಲೇ ಇದೆ, ಅದನ್ನ ಬಿಡಬೇಡಿ. ಪೈಪಿನ ಅಳತೆ, ಬೇಲಿ ಕಂಬದ ದೂರ ಎಲ್ಲಾ ಅವರು ಬರೆದ ಹಾಗೇ ಇರಬೇಕು, ಮುಗಿದ ಮೇಲೆ ಬಂದು ನೋಡಿಯೇ ದುಡ್ಡು ಕೊಡೋದು, ಅದೂ ನಿಮ್ಮ ಬಿಲ್ ನೋಡಿ ಅಲ್ಲ, ಅಡಿಗೆ ಇಷ್ಟು ಅಂತ ಮೊದಲೇ ನಿಗದಿ ಮಾಡಿರೋ ದರದಲ್ಲಿ. ಬೇಲಿ ಕಟ್ಟಿದ್ರೆ 20 ವರ್ಷ ಸರಿಯಾಗಿ ಇಟ್ಕೊಳ್ತೀವಿ ಅಂತ ಒಪ್ಪಿದ ಹಾಗೆ. ಮತ್ತೆ ರೆಡ್ ಸೀಡರ್ ಮರ ಗುಡ್ಡ ಹತ್ತುತ್ತಾ ಇದ್ರೆ ಅದನ್ನ ಕಡಿಯೋಕೆ, ಹತೋಟಿಯಲ್ಲಿ ಬೆಂಕಿ ಹಾಕೋಕೆ ಕೂಡ ಕೇಳಿ. ಮುಂಚೆ ಕಾಡ್ಗಿಚ್ಚು ಬಂದು ಸಸಿಗಳು ಸಾಯ್ತಿದ್ವು, ಬೆಂಕಿ ಆರಿಸೋದು ಜಾಸ್ತಿ ಆದ ಮೇಲೆ ಈ ಮರ ಹುಲ್ಲನ್ನ ನುಂಗ್ತಾ ಬಂದಿದೆ. ಅಕ್ಕಪಕ್ಕದ ರ‍್ಯಾಂಚಿನವರು ಸೇರಿ ಬೆಂಕಿ ಹಾಕೋ ಸಂಘ ಮಾಡ್ಕೊಂಡಿರ್ತಾರೆ, ಅವರ ಜೊತೆ ಸೇರದೆ ನೀವೇ ಹಚ್ಚೋಕೆ ಹೋಗ್ಬೇಡಿ.

ಉಳಿದ ಹುಲ್ಲಿಗೆ ಗ್ರಾಸ್‌ಲ್ಯಾಂಡ್ ಸಿಆರ್‌ಪಿ ಕೇಳಿ ನೋಡಿ. 10 ಅಥವಾ 15 ವರ್ಷ ಉಳಲ್ಲ ಅಂತ ಒಪ್ಪಿದ್ರೆ ಎಕರೆ ಲೆಕ್ಕದಲ್ಲಿ ವರ್ಷ ವರ್ಷ ಬಾಡಿಗೆ ಬರುತ್ತೆ, ದನ ಮೇಯಿಸೋಕೆ ತಡೆ ಇಲ್ಲ.

ಪ್ರಶ್ನೆ: ಹೊಸ ಸರ್ಕಾರ ಬಂದಾಗ ಈ ಕಾಂಟ್ರಾಕ್ಟ್ ದುಡ್ಡನ್ನ ನಿಲ್ಲಿಸಿದ್ರು ಅಂತ ಓದಿದ್ದೆ. ಹಾಗಾದ್ರೆ ನಂಬೋದು ಹೇಗೆ? (ಬೆಂಗಳೂರಿನಿಂದ)

ಉತ್ತರ: ನಿಲ್ಲಿಸಿದ್ದು ನಿಜ. 2022ರ ಕಾಯ್ದೆಯೊಂದರಲ್ಲಿ ಮಣ್ಣು ನೀರು ಸಂರಕ್ಷಣೆಗೆ 19.5 ಬಿಲಿಯನ್ ಡಾಲರ್ ಹೆಚ್ಚುವರಿ ಇಟ್ಟಿದ್ರು, 2025ರ ಜನವರಿಯಲ್ಲಿ ಆ ಭಾಗದ ದುಡ್ಡು ತಡೆ ಹಿಡಿದ್ರು. ಸಾಲ ಮಾಡಿ ಬೇಲಿ ಹಾಕಿಸಿ, ಸರ್ಕಾರದ ಪಾಲು ಬರುತ್ತೆ ಅಂತ ಕಾದಿದ್ದ ರೈತರು ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡ್ರು, ಆಮೇಲೆ ಹಂತ ಹಂತವಾಗಿ ಬಿಟ್ರು, ಅದೇ ವರ್ಷದ ಜುಲೈ ಕಾನೂನಿನಲ್ಲಿ ಉಳಿದ ಮೊತ್ತಾನ ಮಾಮೂಲಿ ಕೃಷಿ ಬಜೆಟ್ಟಿಗೆ ಸೇರಿಸಿದ್ರು. ಸಹಿ ಹಾಕಿದ ಕಾಂಟ್ರಾಕ್ಟ್ ದುಡ್ಡನ್ನ ಸರ್ಕಾರ ತಡೆಯೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ರೈತನ ಕಡೆ ಮಾಡಬಹುದಾದದ್ದು ಏನಂದ್ರೆ ದೊಡ್ಡ ಕೆಲಸಾನ ಮೂರು ನಾಲ್ಕು ವರ್ಷಕ್ಕೆ ಹಂಚೋದು, ಒಂದು ಭಾಗದ ದುಡ್ಡು ಕೈಗೆ ಬಂದ ಮೇಲೆ ಇನ್ನೊಂದು ಭಾಗ ಶುರು ಮಾಡೋದು, ಹೊಸ ರೈತರಾದ್ರೆ ಮುಂಗಡ ಕೇಳೋದು.

ಪ್ರಶ್ನೆ: ಅರ್ಜಿ ತಿರಸ್ಕಾರ ಆದ್ರೆ? ಬಿಳಿಯರಲ್ಲದವರಿಗೆ ತಾರತಮ್ಯ ಇಲ್ವಾ? (ಮೈಸೂರಿನಿಂದ ಒಬ್ಬ ಅಧ್ಯಾಪಕಿ)

ಉತ್ತರ: ಇತ್ತು, ಕೋರ್ಟಲ್ಲೇ ಬಯಲಾಗಿದೆ. ಕಪ್ಪು ರೈತರು ಹಾಕಿದ ಪಿಗ್‌ಫೋರ್ಡ್ ಕೇಸು 1999ರಲ್ಲಿ ಇತ್ಯರ್ಥ ಆಯ್ತು. ಮೂಲನಿವಾಸಿ ರೈತರು ಮತ್ತು ರ‍್ಯಾಂಚರ್‌ಗಳು ಹಾಕಿದ ಕೀಪ್‌ಸೀಗಲ್ ಕೇಸು 1999ರಲ್ಲೇ ಶುರುವಾಗಿ 2010ರಲ್ಲಿ 760 ಮಿಲಿಯನ್ ಡಾಲರ್‌ಗೆ ಮುಗೀತು, ಅದಕ್ಕೆ ಹೆಸರು ಕೊಟ್ಟ ಜಾರ್ಜ್ ಮತ್ತು ಮೆರಿಲಿನ್ ಕೀಪ್‌ಸೀಗಲ್ ನಾರ್ತ್ ಡಕೋಟಾದ ರ‍್ಯಾಂಚರ್ ದಂಪತಿ. ಚೆರ್ರಿ ಕೌಂಟಿಯ ಉತ್ತರದ ಗಡಿ ದಾಟಿದ್ರೆ ರೋಸ್‌ಬಡ್, ಪೈನ್ ರಿಡ್ಜ್ ಅನ್ನೋ ಲಕೋಟಾ ಜನರ ಮೀಸಲು ಪ್ರದೇಶಗಳು, ಅಲ್ಲೂ ದನ ಸಾಕೋರಿದ್ದಾರೆ, ಪಕ್ಕದವನಿಗೆ ಸುಲಭವಾಗಿ ಸಿಗೋ ಸಾಲ ತಮಗೆ ಸಿಗದೆ ಹಿಂಡು ಮಾರಿಕೊಂಡ ಮನೆಗಳ ನೋವು ದುಡ್ಡಿಂದ ವಾಪಸ್ ಬರಲ್ಲ.

ತಿರಸ್ಕಾರ ಆದ್ರೆ ಕಾರಣ ಬರವಣಿಗೆಯಲ್ಲಿ ಕೊಡ್ಲೇಬೇಕು, 30 ದಿನದೊಳಗೆ ನ್ಯಾಷನಲ್ ಅಪೀಲ್ಸ್ ಡಿವಿಷನ್‌ಗೆ ಮೇಲ್ಮನವಿ ಹಾಕಬಹುದು. ಇನ್ನೊಂದು, ಎಫ್‌ಎಸ್‌ಎಗೆ ಪ್ರತಿ ಕೌಂಟಿಯಲ್ಲೂ ಒಂದು ಸಮಿತಿ ಇದೆ, ಸದಸ್ಯರನ್ನ ರೈತರೇ ಓಟು ಹಾಕಿ ಮೂರು ವರ್ಷಕ್ಕೆ ಆರಿಸ್ತಾರೆ, ನವೆಂಬರ್‌ನಲ್ಲಿ ಬ್ಯಾಲೆಟ್ ಅಂಚೆಯಲ್ಲಿ ಬರುತ್ತೆ. ಮೊದಲ ಪ್ರಶ್ನೆ ಕೇಳಿದ ಅಮ್ಮ ಇದನ್ನ ಓದ್ತಿದ್ರೆ, ನಿಮ್ಮ ಹೆಸರೂ ಆ ಪಟ್ಟಿಯಲ್ಲಿದೆಯಾ ಅಂತ ಆಫೀಸಲ್ಲಿ ಕೇಳಿ, ಬರಿ ಗಂಡನ ಹೆಸರಿದ್ರೆ ನಿಮ್ಮದನ್ನೂ ಸೇರಿಸೋಕೆ ಏನು ಬೇಕು ಅಂತ ಕೇಳಿ ಸೇರಿಸಿ.

ಪ್ರಶ್ನೆ: ನಮ್ಮಲ್ಲಿ ಕಾವಲು ಹೋಯ್ತು, ಗೋಮಾಳ ಹೋಯ್ತು, ಕುರಿ ಎಲ್ಲಿ ಮೇಯಿಸೋದು? ನಮಗೂ ಇಂಥದ್ದೇನಾದ್ರೂ ಇದೆಯಾ? (ಚಳ್ಳಕೆರೆಯಿಂದ ಕುರಿ ಸಾಕೋರೊಬ್ಬರು)

ಉತ್ತರ: ಅಣ್ಣ, ಪ್ರಾಣಿ ಸತ್ತರೆ ಪರಿಹಾರ ಅನ್ನೋ ಭಾಗ ನಮ್ಮಲ್ಲೂ ಇದೆ, ಅನುಗ್ರಹ ಯೋಜನೆ. 2025-26ರ ಬಜೆಟ್ಟಲ್ಲಿ ಕುರಿ ಮೇಕೆಗೆ 5,000ದಿಂದ 7,500 ರೂಪಾಯಿ, ಹಸು ಎಮ್ಮೆಗೆ 10,000ದಿಂದ 15,000ಕ್ಕೆ ಏರಿಸಿದ್ದಾರೆ. ಕುರಿ ಸತ್ತ ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ, ಡಾಕ್ಟರ್ ನೋಡದೆ ಹೂಳಬೇಡಿ.

ಹುಲ್ಲನ್ನ ಹುಲ್ಲಾಗೇ ಇಟ್ಟದ್ದಕ್ಕೆ ದುಡ್ಡು ಕೊಡೋ ಭಾಗ ಮಾತ್ರ ನಮ್ಮಲ್ಲಿಲ್ಲ, ನಿಮ್ಮ ನೋವು ಇರೋದೂ ಅಲ್ಲೇ. ಅಮೃತ ಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ದನಕ್ಕಾಗೇ ಇಟ್ಟ ಹುಲ್ಲುಗಾವಲು, ನಿಮ್ಮ ತಾಲ್ಲೂಕಿನಲ್ಲೇ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದದ್ದು, ಅದು ಹಸಿರು ನ್ಯಾಯಮಂಡಳಿ ತನಕ ಹೋದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಸರ್ಕಾರಿ ಕಡತದಲ್ಲಿ ಹುಲ್ಲುಗಾವಲು ಅಂದ್ರೆ ಖಾಲಿ ಜಾಗ ಅಂತಾನೇ ಬರ್ಕೊಂಡು ಬಂದಿದ್ದಾರೆ, ಅಲ್ಲಿ ಕುರಿ, ಕೃಷ್ಣಮೃಗ, ಎರ್ಲಡ್ಡು ಹಕ್ಕಿ ಇರೋದು ಯಾರ ಲೆಕ್ಕಕ್ಕೂ ಬರಲ್ಲ. ಉಳಿದಿರೋ ಗೋಮಾಳದ ಸರ್ವೆ ನಂಬರ್ ಹಿಡಿದು ಗ್ರಾಮ ಪಂಚಾಯ್ತಿಯಲ್ಲಿ ಠರಾವು ಮಾಡಿಸಿ, ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ನಮ್ಮ ಭೂಕಂದಾಯ ನಿಯಮದಲ್ಲೇ ಇದೆ, ತಹಶೀಲ್ದಾರ್ ಮುಂದೆ ಅದನ್ನೇ ಎತ್ತಿ ಹಿಡಿಯಿರಿ.

ಪ್ರಶ್ನೆ: ಧಾರವಾಡದಲ್ಲಿ ಎಂಎಸ್ಸಿ ಅಗ್ರಿ ಮಾಡಿದ್ದೀನಿ. ಎನ್‌ಆರ್‌ಸಿಎಸ್‌ನಲ್ಲಿ ಕೆಲಸ ಸಿಗುತ್ತಾ?

ಉತ್ತರ: ಅಮೆರಿಕದ ಕೇಂದ್ರ ಸರ್ಕಾರದ ಕೆಲಸಕ್ಕೆ ಸಾಮಾನ್ಯವಾಗಿ ಅಲ್ಲಿಯ ಸಿಟಿಜನ್ ಆಗಿರಬೇಕು, ನೇರವಾಗಿ ಸಿಗೋದು ಕಷ್ಟ. ಹುಲ್ಲುಗಾವಲಿನ ವಿಜ್ಞಾನ ಓದೋ ಆಸೆ ಇದ್ರೆ ಲಿಂಕನ್‌ನ ನೆಬ್ರಾಸ್ಕಾ ಯೂನಿವರ್ಸಿಟಿಗೆ ಪಿಎಚ್‌ಡಿಗೆ ಪ್ರಯತ್ನ ಮಾಡಿ, ಸ್ಯಾಂಡ್‌ಹಿಲ್ಸ್ ಒಳಗೇ ಅವರ ಗುಡ್‌ಮಂಡ್ಸನ್ ಸಂಶೋಧನಾ ರ‍್ಯಾಂಚ್ ಇದೆ. ಪ್ರೊಫೆಸರ್‌ಗೆ ಈಮೇಲ್ ಹಾಕುವಾಗ ಬರಿ ಮಾರ್ಕ್ಸ್ ಬರೀಬೇಡಿ, ಉತ್ತರ ಕರ್ನಾಟಕದ ಯಾವ ಹುಲ್ಲು, ಯಾವ ಕುರಿ ಹಿಂಡು ನೋಡಿದ್ದೀರಿ, ಅದರಲ್ಲಿ ನಿಮಗೆ ಯಾವ ಪ್ರಶ್ನೆ ಹುಟ್ಟಿತು ಅಂತ ಅರ್ಧ ಪುಟ ಬರೀರಿ.